ಗೋಡೆ ಇಲ್ಲದ ಅಡುಗೆಮನೆ

ಹೊಂಗಸಂದ್ರ, ಮೂರನೇ ಮಹಡಿ.
ಹಾಲಿಗೂ ಒಲೆಗೂ ನಡುವೆ ಗೋಡೆಯಿಲ್ಲ.
‘ಓಪನ್ ಕಿಚನ್ನು, ಗಾಳಿ ಬೆಳಕು ನೋಡಿ’ ಅಂದಿದ್ದರು
ಓನರ್ ಮುನಿರೆಡ್ಡಿಯವರು, ಬಾಡಿಗೆ ಸಾವಿರ ಏರಿಸುತ್ತಾ.
ಗಾಳಿ ಬೆಳಕಿನ ಜೊತೆ ಈಗ
ಐದು ಮಕ್ಕಳೂ ಬರುತ್ತವೆ
ಗಾರ್ಮೆಂಟ್ಸಿನ ಸೈರನ್ ಕೂಗುವ ಮೊದಲೇ,
ಎಡದ ಕಾಲಿಗೆ ಬಲದ ಚಪ್ಪಲಿ,
ಮೂಗಲ್ಲಿ ಸಿಂಬಳ, ಕೈಯಲ್ಲಿ ಟಿಫನ್ ಡಬ್ಬಿ.

ಹೋದ ಭಾನುವಾರ, ಯಾರೂ ಇಲ್ಲದಾಗ,
ಬಾಗಿಲು ಹಾಕಿಕೊಂಡು ಅಂಬೆಗಾಲಿಟ್ಟೆ.
ಐವತ್ತೆರಡರ ಮಂಡಿ ಲಟಕ್ಕೆಂದಿತು.
ಎರಡಡಿ ಎತ್ತರದಿಂದ ನೋಡಿದರೆ
ನನ್ನ ಅಡುಗೆಮನೆ ನನ್ನದೇ ಅಲ್ಲ.
ಗ್ಯಾಸಿನ ಪೈಪು ಕಿತ್ತಳೆ ಬಣ್ಣದ ಹಾವು,
ಬಾ, ಬಾಲ ಹಿಡಿ ಅನ್ನುತ್ತದೆ.
ಕಟ್ಟೆಯಿಂದ ಇಳಿಬಿದ್ದ ಮಿಕ್ಸಿಯ ವೈರು
ಜೋಕಾಲಿಗೆಂದೇ ಕಟ್ಟಿದ ಹಗ್ಗ.
ಸಿಂಕಿನ ಕೆಳಗೆ
ಮಾವಿನ ಜ್ಯೂಸಿನ ಬಾಟಲಿಯಲ್ಲಿ
ಹಾಲಿನಷ್ಟು ಬೆಳ್ಳಗೆ, ಫಿನಾಯಿಲು.
ಅದನ್ನು ತುಂಬಿಟ್ಟ ಕೈ ನನ್ನದು.
ಸ್ವಲ್ಪ ಹೊತ್ತು
ನೆಲದ ಮೇಲೇ ಕೂತುಬಿಟ್ಟೆ.

ಶ್ರೀರಾಮಪುರದ ವಠಾರದಲ್ಲೂ ನಮಗೆ ನಡುಗೋಡೆ ಇರಲಿಲ್ಲ.
ಓಪನ್ ಕಿಚನ್ ಅನ್ನುತ್ತಿರಲಿಲ್ಲ ಅದಕ್ಕೆ ಯಾರೂ,
ಒಂದೇ ರೂಮು ಅನ್ನುತ್ತಿದ್ದರು.
ಅವ್ವ ಊದಿನಕಡ್ಡಿ ಹೊಸೆಯುತ್ತಿದ್ದಳು, ಸಾವಿರಕ್ಕಿಷ್ಟು ಅಂತ.
ಪಂಪ್ ಸ್ಟೋವಿನ ಮೇಲೆ ಹುರುಳಿಕಟ್ಟು,
ನನಗೆ ಹೊಸದಾಗಿ ಕಾಲು ಬಂದಿತ್ತು.
ಮುಂದಿನದನ್ನು ನನ್ನ ಎಡತೋಳು ಹೇಳುತ್ತದೆ,
ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿದ ಚರ್ಮ.
ಅವ್ವ ಅದರ ಮಾತೆತ್ತಿದವಳಲ್ಲ.
ಆದರೆ ಅಂದಿನಿಂದ
ಒಲೆಗೆ ಓರೆಯಾಗಿ ನಿಂತೇ ಬೇಯಿಸಿದಳು,
ಒಂದು ಕಣ್ಣು ಪಾತ್ರೆಗೆ, ಒಂದು ಕಣ್ಣು ನನಗೆ,
ನನಗೆ ಮದುವೆಯಾಗಿ ಹತ್ತು ವರ್ಷವಾದ ಮೇಲೂ.

ಸೋಮವಾರ ಭೀಮಾರಾಮ ಬಂದ,
ಕಿವಿಯ ಮೇಲೆ ಪೆನ್ಸಿಲು.
‘ಗೋಡೆಗೆ ಮೊಳೆ ಹೊಡೀಬೇಡಿ’ ಅಂತ ಕೆಳಗಿನಿಂದ ಓನರು.
ಯಾವ ಗೋಡೆ? ನಾನೂ ಅವನೂ ಮುಖ ಮುಖ ನೋಡಿಕೊಂಡೆವು.
‘ಎಷ್ಟು ಎತ್ತರ ಅಕ್ಕ?’
ಇಂಪನಾಳ ಗದ್ದಕ್ಕಿಂತ ಒಂದು ಗೇಣು ಮೇಲೆ.
‘ಸಂದು ಎಷ್ಟು?’
ಕೈ ತೂರಲಿ, ತಲೆ ತೂರಬಾರದು.
ಟೇಪು ಕೆಳಗಿಟ್ಟ.
ಜಾಲೋರಿನಲ್ಲಿ ಬಿಟ್ಟುಬಂದ ಮಗಳ ತಲೆ
ಅವನ ಎರಡು ಅಂಗೈ ನಡುವೆ ಗಾಳಿಯಲ್ಲಿ ಬಂದು ನಿಂತಿತು.
‘ಈಗ ಇಷ್ಟಾಗಿರ್ತದೆ’ ಅಂತ
ಕೈಗಳನ್ನು ಸ್ವಲ್ಪ ಅಗಲಿಸಿದ.

ಫಿನಾಯಿಲು ಅಟ್ಟ ಸೇರಿತು, ಈಳಿಗೆಮಣೆಯೂ.
ಬಾಣಲೆಯ ಹಿಡಿ ಗೋಡೆಯ ಕಡೆಗೆ ತಿರುಗಿತು,
ಕುದಿಯುವುದೆಲ್ಲ ಹಿಂದಿನ ಒಲೆಗೆ.
ಒಲೆಯ ನಾಬುಗಳು ರಾತ್ರಿ ಹಗಲೂ ನನ್ನ ನೈಟಿಯ ಜೇಬಿನಲ್ಲಿ;
ಮೊನ್ನೆ ಮೊಸರಿಗೆ ಹೋದಾಗ ಚಿಲ್ಲರೆ ಅಂತ
ಅಂಗಡಿಯ ಶಿವಲಿಂಗಯ್ಯನ ಕೈಗೇ ಒಂದನ್ನು ಕೊಟ್ಟೆ.
‘ಇದು ನಡೆಯಲ್ಲ ಅಮ್ಮ’ ಅಂದ, ನಗದೆ.

ಮೌಲ್ಯಳ ತಾಯಿ ಕೇಳಿದಳು, ಕ್ಯಾಮೆರಾ ಇದೆಯಾ ಅಂತ.
ತಪ್ಪಲ್ಲ, ಕೇಳಬೇಕು.
ಇಲ್ಲಮ್ಮ, ಅದು ಬಿದ್ದದ್ದನ್ನು ತೋರಿಸುತ್ತದೆ,
ಬೀಳುವಾಗ ಹಿಡಿಯುವುದಿಲ್ಲ ಅಂದೆ.
ಅಂದ ಮೇಲೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ,
ದೊಡ್ಡ ಮಾತಾಯಿತೇನೋ.

ಇವತ್ತು ಗೇಟು ನಿಂತಿದೆ.
ಚಿಲಕ ಒಳಗಿನಿಂದ, ಎತ್ತಿ ತಿರುಗಿಸಿ ಒತ್ತಬೇಕು;
ನನಗೇ ಮೂರು ಸಲ ಬೇಕಾಯಿತು,
ಅಯಾನ್ ಒಂದೇ ಸಲ ನೋಡಿ ತಲೆದೂಗಿದ.
ಅದು ನಾಳೆಯ ಚಿಂತೆ.

ಹೊರಗೆ ಐದೂ ಜನ ಸಾಲಾಗಿ, ಸರಳು ಹಿಡಿದು.
ಜೋಹಾನ್ ಹೋದ ವಾರ ಬನ್ನೇರುಘಟ್ಟಕ್ಕೆ ಹೋಗಿ ಬಂದವನು:
‘ಚೆಲುವಾಂಟಿ ಬೋನಲ್ಲಿದಾಳೆ!’
ಐದು ಮುಖಗಳಲ್ಲೂ ಒಂದೇ ಕನಿಕರ.
ಒಂದು ಪುಟ್ಟ ಕೈ ಸಂದಿಯಲ್ಲಿ ತೂರಿ ಬಂತು,
ಮೊಣಕೈವರೆಗೆ, ಭೀಮಾರಾಮನ ಲೆಕ್ಕ ಸರಿ,
ಬೆರಳ ತುದಿಯಲ್ಲಿ ಅರ್ಧ ಚೀಪಿದ ಬಿಸ್ಕತ್ತು.
‘ತಿನ್ನು, ಕಚ್ಚಬೇಡ.’

ಉರಿ ಸಣ್ಣ ಮಾಡಿದೆ.
ಒಲೆಗೆ ಓರೆಯಾಗಿ ಬಗ್ಗಿ
ಬಾಯೊಡ್ಡಿದೆ.
ಹಿಂದೆ ಬೇಳೆ ಕುದಿಯುತ್ತಿತ್ತು.