ಕಾಯಿ ಹೇಳಬೇಕು

ನಿನ್ನೆ ರಾತ್ರಿ ಒಂದೂಕಾಲಿಗೆ
ನಮ್ಮ ಆಟದ ಕೋಡನ್ನೆಲ್ಲ ಬಿಚ್ಚಿಟ್ಟೆ,
ಯಾರು ಬೇಕಾದರೂ ಓದಲಿ ಎಂದು.
ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ,
ಜೆರಾಕ್ಸ್ ಅಂಗಡಿ ಮೇಲಿನ ಕೋಣೆ.
ಇನ್ವರ್ಟರ್ ಕುಂಯ್ ಎನ್ನುತ್ತಿತ್ತು.

ಬೆಳಿಗ್ಗೆ ಬೊಳ್ಳಮ್ಮನ ಫೋನು:
"ಬೀಗ ತೆಗೆದುಬಿಟ್ಟೆಯಲ್ಲೋ ಉತ್ತಯ್ಯ,
ಕಳ್ಳರಿಗೆ ಮನೆಯ ನಕ್ಷೆ ಕೊಟ್ಟ ಹಾಗಾಯ್ತು."

ಬೀಗ ಎಲ್ಲಿತ್ತು, ಬೊಳ್ಳಮ್ಮ?
ಮುಚ್ಚಿಟ್ಟ ಮೂರು ವರ್ಷದಲ್ಲೇ ಅಲ್ಲವೇ
ಅಮ್ಮತ್ತಿಯ ಆ ಹುಡುಗ, 'ಜೇನುಗೂಡು೭' ಎಂಬ ಹೆಸರಿನವ,
ಒಂದು ಗುಂಡಿಗೆ ನಲವತ್ತು ಕಾಯಿ ಒಡೆದದ್ದು?
ಅವನೇನು ಕೋಡು ಓದಿದ್ದನೇ?
ಸಿದ್ದಾಪುರದ ಒಂಟಿಸಲಗ
ಸೋಲಾರ್ ಬೇಲಿಯ ನಕ್ಷೆ ನೋಡಿತ್ತೇ?
ಸೊಂಡಿಲು ತಾಗಿಸಿತು, ಚುರ್ ಎಂದಿತು.
ದಂತ ತಾಗಿಸಿತು, ಏನೂ ಆಗಲಿಲ್ಲ.
ಅಷ್ಟು ಸಾಕಾಯಿತು ಅದಕ್ಕೆ.
ಮಾರನೇ ದಿನ ಸಿಲ್ವರ್ ಓಕ್ ಒಂದನ್ನು ತಂತಿಯ ಮೇಲೆ ಮಲಗಿಸಿ
ಹಲಸಿನ ಹಣ್ಣಿಗೆ ಬಂತು.

ನನ್ನ ಸಂಕಟ ಬೇರೆ.
ಬಿಚ್ಚಿಟ್ಟ ಮೇಲೆ ನಾನೇ ಓದಿದೆ, ಹೊರಗಿನವನ ಕಣ್ಣಲ್ಲಿ.
ಇನ್ನೂರ ಹನ್ನೊಂದನೇ ಸಾಲು.
ಆಡುವವನ ಫೋನು ಹೇಳುತ್ತದೆ: 'ಹೊಡೆದೆ.'
ನಮ್ಮ ಸರ್ವರ್ ತಲೆಯಾಡಿಸುತ್ತದೆ: 'ಹೌದಪ್ಪ, ಹೊಡೆದೆ.'
ಪಕ್ಕದಲ್ಲಿ ನನ್ನದೇ ಟಿಪ್ಪಣಿ: 'ಆಮೇಲೆ ಸರಿಮಾಡು.'
ತಾರೀಖು ನಿನ್ನ ಮದುವೆಯ ಹಿಂದಿನ ದಿನದ್ದು.

ಕೈಲ್‌ಪೊಳ್ದ್ ದಿನ ಮೈದಾನದಲ್ಲಿ ಹೀಗೆ ನಡೆಯುತ್ತಿತ್ತೇ?
ಮರದ ತುದಿಗೆ ಕಟ್ಟಿದ ಕಾಯಿ.
ಕೋವಿ, ದೂರ, ಗಾಳಿ, ಸರದಿ,
ಗುಟ್ಟು ಯಾವುದೂ ಇಲ್ಲ.
ಆದರೂ ಹೊಡೆದವನ ಬಾಯಿಮಾತು ನಡೆಯದು.
ಸದ್ದಡಗಿದ ಮೇಲೆ ಚಿಣ್ಣಪ್ಪಜ್ಜ ಮರದಡಿ ಹೋಗಿ
ಕತ್ತೆತ್ತಿ ನಿಲ್ಲುವರು.
ಎಳನೀರು ಮೂಗಿನ ಮೇಲೆ ಬಿದ್ದರೆ ಮಾತ್ರ
ಕೈ ಮೇಲೆತ್ತುವರು.
ಕಾಯಿ ಹೇಳಬೇಕು. ಕೋವಿ ಹೇಳಿದರೆ ಆಗದು.

ಹತ್ತು ಗಂಟೆಗೆ ಮೊದಲ ತಿದ್ದುಪಡಿ ಬಂತು.
ಕಳಿಸಿದವ ಜೇನುಗೂಡು೭.
ಒಂಬತ್ತು ಸಾಲು, ನೀಟಾಗಿ, ನನಗಿಂತ ಚೆನ್ನಾಗಿ.
ಮೂರು ಸಲ ಓದಿದೆ, ತಪ್ಪು ಸಿಗಲಿಲ್ಲ.
ಸಿಗದಿದ್ದುದೇ ಹೆದರಿಕೆ.
ನಾಲ್ಕನೇ ಸಲ ನೀನು ಓದು.
ಆಮೇಲೆ ಗುರುತಿಲ್ಲದ ಯಾರಾದರೂ ಓದಲಿ.

ಅಷ್ಟರಲ್ಲಿ ನಾಪೋಕ್ಲಿನಲ್ಲಿ ನೆಟ್ ಇಲ್ಲವಂತೆ.
ಅಲ್ಲಿಯವರ ಫೋನಿಗೆ ಹೊಸದು ತಲುಪುವವರೆಗೆ
ಗುಂಡೇ ಇಲ್ಲದೆ
ಕಾಯಿಗಳು ಒಡೆಯುತ್ತಿರುತ್ತವೆ.