ಮೀನಿನ ಹೋಟೆಲಿನ ಬಿಸ್ಕತ್ತು

ಬಿಸ್ಕತ್ತು ಅಂದರೆ ನನಗೆ ಗೊತ್ತಿದ್ದದ್ದು
ಚಹಾಕ್ಕೆ ಅದ್ದಿ, ಎರಡು ಎಣಿಸುವುದರೊಳಗೆ
ಬಾಯಿಗೆ ಹಾಕದಿದ್ದರೆ ಲೋಟದ ತಳ ಸೇರುವಂಥದ್ದು.
ಇಲ್ಲಿ, ಟೊಲೀಡೊದಲ್ಲಿ, ಅದು ಬೇರೆಯೇ ಜಾತಿ:
ಮೈಯೆಲ್ಲ ಉಬ್ಬುತಗ್ಗು, ನೆತ್ತಿಗೆ ಬೆಣ್ಣೆ,
ಮುರಿದರೆ ಹಬೆ, ಹಬೆಯ ಹಿಂದೆ ಚೀಸಿನ ನೂಲು.

ಒಂದು ಹಗಲು ಕಾರು ಓಡಿಸಿದರೂ ಸಮುದ್ರ ಸಿಗದ ಊರು.
ಆದರೂ ಆ ಹೋಟೆಲಿನ ಗೋಡೆ ತುಂಬ ಬಲೆ, ಚುಕ್ಕಾಣಿ,
ಬಾಗಿಲಲ್ಲೇ ತೊಟ್ಟಿ, ತೊಟ್ಟಿಯೊಳಗೆ
ಕೊಂಡಿಗೆ ರಬ್ಬರ್ ಬ್ಯಾಂಡು ಹಾಕಿಸಿಕೊಂಡ ಲಾಬ್‌ಸ್ಟರುಗಳು.
ಫ್ಯಾಕ್ಟರಿಯಲ್ಲಿ ಯಾರ ಹುಟ್ಟುಹಬ್ಬವಾದರೂ ಅಲ್ಲಿಗೇ.
ಮೀನು ಮುಟ್ಟದವಳು ನಾನೊಬ್ಬಳು,
ಬಿಟ್ಟಿ ಬಿಸ್ಕತ್ತಿನ ಬುಟ್ಟಿಯೇ ನನ್ನ ಊಟ.
ವಾಂಡಾ ಕೇಳದೆಯೇ ಇನ್ನೊಂದು ಬುಟ್ಟಿ ತಂದಿಟ್ಟು
ನನ್ನ ಬ್ಯಾಗಿನ ಜಿಪ್ಪು ಸರ್ರೆಂದಾಗ
ತೊಟ್ಟಿಯ ಕಡೆ ತಿರುಗಿ ಲಾಬ್‌ಸ್ಟರ್ ಎಣಿಸುತ್ತಿದ್ದಳು.

ಮಾರ್ಚಿನಲ್ಲಿ ಹೋಟೆಲು ಮುಚ್ಚಿತು. ಚುಕ್ಕಾಣಿ ಹರಾಜಾಯಿತು.
ವಾಂಡಾಳಿಗೆ ಮಂಡಿಯ ಆಪರೇಷನ್ನು.
ಫೋನಿನಲ್ಲಿ ಕೇಳಿದೆ: ಹೇಗೆ ಮಾಡೋದು ಅದನ್ನ?
“ಜಾಸ್ತಿ ಏನೂ ಮಾಡಬಾರದು,” ಅಂದಳು. “ಅದೇ ಗುಟ್ಟು.”

ಎರಡು ಬಟ್ಟಲು ಮೈದಾ, ಒಂದು ದೊಡ್ಡ ಚಮಚ ಬೇಕಿಂಗ್ ಪೌಡರ್,
ಉಪ್ಪು, ಬೆಳ್ಳುಳ್ಳಿ ಪುಡಿ, ಚಿಟಿಕೆ ಸಕ್ಕರೆ.
ಫ್ರೀಜರಿನಲ್ಲಿ ಕಲ್ಲಾದ ಬೆಣ್ಣೆ, ಕಾಯಿ ತುರಿದ ಹಾಗೆ ತುರಿದು.
ಚೆಡ್ಡರ್ ಒಂದು ಮುಷ್ಟಿ. ಇನ್ನೊಂದು ಮುಷ್ಟಿ, ಯಾರು ನೋಡುತ್ತಾರೆ.
ಅಂಗಡಿಯ ಮಜ್ಜಿಗೆ ಗಂಜಿಯಂತಿತ್ತು;
ಮನೆಯದನ್ನೇ ಸುರಿದೆ.

ಆಮೇಲೆ ಕೈ ನನ್ನ ಮಾತು ಕೇಳಲಿಲ್ಲ.
ಚಪಾತಿಗೆ ನಾದಿ ನಾದಿ ಪಳಗಿದ ಅಂಗೈ
ಹಿಟ್ಟು ಕಂಡ ಮೇಲೆ ಸುಮ್ಮನಿದ್ದೀತೆ?
ಒತ್ತಿತು, ಮಡಿಚಿತು, ಮತ್ತೆ ಒತ್ತಿತು,
ಕಿವಿಯ ಹಾಲೆಯಷ್ಟು ಮೆತ್ತಗಾಗುವ ತನಕ ಬಿಡಲಿಲ್ಲ.
ಬೆಂದು ಬಂದದ್ದನ್ನು ಹಿತ್ತಲ ಅಳಿಲಿಗೆ ಎಸೆದೆ.
ಮೂಸಿತು. ನನ್ನನ್ನೊಮ್ಮೆ ನೋಡಿತು. ಹೋಯಿತು.

ಹಗಲೆಲ್ಲ ನನ್ನ ಕೆಲಸ ಕಾರಿನ ಗಾಜು ನೋಡುವುದು,
ಸಾಸಿವೆಯಷ್ಟು ಗುಳ್ಳೆ ಕಂಡರೂ
ಕೆಂಪು ಚೀಟಿ ಅಂಟಿಸಿ ಆಚೆ ತಳ್ಳುವುದು.
ಹನ್ನೊಂದು ವರ್ಷ ಗುಳ್ಳೆ ಹಿಡಿದ ಕಣ್ಣಿಗೆ
ಈಗ ಹೇಳಬೇಕು: ಗಂಟು ಇರಲಿ,
ಬೆಣ್ಣೆ ಅಲ್ಲಲ್ಲಿ ಇಣುಕಲಿ,
ಒಣಹಿಟ್ಟು ಅಂಚಿನಲ್ಲಿ ಉಳಿದರೆ ಉಳಿಯಲಿ.

ಎರಡನೆಯ ಸಲ ಎಡಗೈ ಬೆನ್ನ ಹಿಂದೆ.
ಸೌಟಿನಿಂದ ಹತ್ತೇ ಸುತ್ತು, ಎಣಿಸಿ.
ಸಂಡಿಗೆ ಇಟ್ಟಂತೆ ತಟ್ಟೆಯ ಮೇಲೆ ಗುಪ್ಪೆ ಗುಪ್ಪೆ.
ನಾನೂರೈವತ್ತು ಡಿಗ್ರಿ. ಹನ್ನೆರಡು ನಿಮಿಷ
ಓವನ್ನಿನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತೆ.
ಆ ಗಾಜಿನ ಮೂಲೆಯಲ್ಲೊಂದು ಗುಳ್ಳೆ ಇತ್ತು.
ಇರಲಿ.

ಪಾರ್ಸ್ಲಿ ಇರಲಿಲ್ಲ. ಕೊತ್ತಂಬರಿ ಹೆಚ್ಚಿ
ಕರಗಿದ ಬೆಣ್ಣೆಗೆ ಹಾಕಿ ಬಳಿದೆ.

ಭಾನುವಾರ ವಾಂಡಾ ಬಂದಳು, ವಾಕರ್ ಕುಟ್ಟುತ್ತ.
ಮುರಿದಳು. “ಇದೇನು ಹಸಿರು?”
ಅಗಿದಳು. ಕಿಟಕಿ ನೋಡುತ್ತ ಇನ್ನೂ ಅಗಿದಳು.
“ಉಪ್ಪು ಸಾಲದು,” ಅಂತ ಮೂರನೆಯದನ್ನು ಎತ್ತಿಕೊಂಡಳು.

ನೀರು ತರಲು ಎದ್ದೆ.
ಬೆನ್ನ ಹಿಂದೆ ಜಿಪ್ಪು ಸರ್ರೆಂದಿತು.
ನಲ್ಲಿಯನ್ನು ಇನ್ನಷ್ಟು ತಿರುಗಿಸಿ
ಸಿಂಕಿನಲ್ಲಿದ್ದ ಲೋಟಗಳನ್ನು
ಒಂದೊಂದಾಗಿ ಎಣಿಸುತ್ತ ನಿಂತೆ.