ತುದಿಯಷ್ಟಽ

ಮುತ್ತಜ್ಜ ಇನಾಸ ಬಾರ್ದೇಸ್ಕರ
ಸರ್ವಿ ಗಿಡ ಹಚ್ಚಿದ್ದು ಗಾಳಿ ತಡೀಲಿಕ್ಕೆ,
ಖಾನಾಪುರದ ಕೆಮ್ಮಣ್ಣಾಗ, ಬದುವಿಗೆ.
ಬೆಳಗಾವಿ ಕ್ಯಾಂಪಿನ ಮಡ್ಡಮ್ಮ ಒಬ್ಬಾಕಿ
ಟಾಂಗಾದಾಗ ಬಂದು, ಕ್ರಿಸ್‌ಮಸ್ಸಿಗೆ ಬೇಕಂತ
ಎರಡು ರೂಪಾಯಿಗೆ ಗಿಡ ಕೇಳಿದಳು.
ತುದಿ ಒಯ್ಯಿರಿ, ಬುಡ ನಮ್ಮದಽ, ಅಂದ.

ಅಂದಿನಿಂದ ಹಂಗಽ.
ಸೊಂಟದ ಮ್ಯಾಲೆ ಕಡೀತೀವಿ,
ಕೆಳಗಿನ ಟೊಂಗಿ ಒಂದು ನಿಧಾನ ತಲಿ ಎತ್ತತದ.
ಗಂಟಿಗೊಂದು ಡಿಸೆಂಬರ್:
ಇದು ನಾತಾಲಿನ್ ಅತ್ತಿಯ ಮದವಿ,
ಇದು ಅಪ್ಪನ ಲೂನಾ,
ಇದು, ಕೊಡ್ಲಿ ಜಾರಿ, ಕಾಕಾನ ಹೆಬ್ಬೆರಳು.

ಲಾಕ್‌ಡೌನಿನ ವರ್ಷ ಯಾರೂ ಬರಲಿಲ್ಲ.
ಹನ್ನೊಂದು ಗಿಡ ತಲಿ ಉಳಿಸಿಕೊಂಡವು,
ಈಗ ಕರೆಂಟಿನ ವೈರಿಗೆ ತಾಗತಾವ.
ಮೊನ್ನೆ ಲೈನ್‌ಮನ್ ಏಣಿ ತಂದ.
ತುದಿಯಷ್ಟಽ, ಅಂದ.
ಅವ್ವ ರೊಕ್ಕ ಕೇಳಿದಳು.